ಗ್ರಾಫಿಕ್ಸ್ ಕಾರ್ಡಿನ ಜಠರಾಗ್ನಿ

ಗಣಕಯಂತ್ರವು ನಮ್ಮ ಮನೆಗಳನ್ನು ಹೊಕ್ಕು ಬಹುಕಾಲವಾಯಿತು. ಈಗ ಅದರ ಹೊಟ್ಟೆಯೊಳಗೆ ಕೂಡುವ ದೊಡ್ಡ ಗ್ರಾಫಿಕ್ಸ್ ಕಾರ್ಡು ಬರತೊಡಗಿದೆ. ಚಲಿಸುವ ಚಿತ್ರಗಳನ್ನು ರಚಿಸುವ ವಿದ್ಯೆಯನ್ನಾಗಲಿ, ಕೃತಕ ಬುದ್ಧಿಮತ್ತೆಯ ವಿದ್ಯೆಯನ್ನಾಗಲಿ ಕಲಿಯುವ ಮಕ್ಕಳು ಅದನ್ನು ಬೇಡುತ್ತಾರೆ. ಬರಿಯ ಆಟಕ್ಕಾಗಿ ಬೇಡುವವರೂ ಉಂಟು. 2022ರ ಅಕ್ಟೋಬರದಲ್ಲಿ ಎನ್‌ವಿಡಿಯಾ ಕಂಪನಿಯವರು ಹೊರತಂದ ಆರ್‌ಟಿಎಕ್ಸ್ 4090 ಎಂಬ ಕಾರ್ಡಿಗೆ ನಮ್ಮ ದೇಶದಲ್ಲಿ ಒಂದೂವರೆ ಲಕ್ಷ ರೂಪಾಯಿಗೆ ಮೇಲ್ಪಟ್ಟು ಬೆಲೆಯಿತ್ತು. ಎಮ್ಮೆಯನ್ನು ಕೊಳ್ಳುವ ಮೊದಲು ಮೇವಿನ ಲೆಕ್ಕ ಹಾಕುವ ನಮ್ಮ ಅಲಖನೂರಿನ ಗೃಹಸ್ಥನು, ಇಷ್ಟು ಹಣ ತೆತ್ತು ತರುವ ಈ ವಸ್ತುವಿನ ಆಹಾರವೆಷ್ಟೆಂದು ಕೇಳದೆ ಇರುವದು ಸೋಜಿಗವಲ್ಲವೇ?

ಆಹಾರವು ಅಲ್ಪವಲ್ಲ. ಪೂರ್ಣ ದುಡಿಮೆಯಲ್ಲಿ ಈ ಕಾರ್ಡು 450 ವ್ಯಾಟ್ ವಿದ್ಯುತ್ತನ್ನು ನುಂಗುವದು. 75 ವ್ಯಾಟಿನ ಆರು ಫ್ಯಾನುಗಳು ಅಷ್ಟರಲ್ಲಿ ತಿರುಗಬಲ್ಲವು. 2016ರ ಜಿಟಿಎಕ್ಸ್ 1080ಕ್ಕೆ 180 ವ್ಯಾಟ್ ಸಾಕಾಗಿತ್ತು. 2025ರ ಆರ್‌ಟಿಎಕ್ಸ್ 5090ಕ್ಕೆ 575 ಬೇಕು. ಈ ವಿದ್ಯುತ್ತೆಲ್ಲ ಎಲ್ಲಿಗೆ ಹೋಗುವದು? ಪಂಪು ನೀರನ್ನೆತ್ತುವದು, ಗಿರಣಿಯು ಹಿಟ್ಟು ಬೀಸುವದು. ಗಣಕಯಂತ್ರವಾದರೋ ಲೆಕ್ಕವನ್ನು ಮುಗಿಸಿ, ತಿಂದದ್ದನ್ನೆಲ್ಲ ಉಷ್ಣರೂಪದಿಂದ ಕೋಣೆಗೇ ಬಿಟ್ಟುಬಿಡುವದು. 4090ರ ಚಿಪ್ಪು ಸುಮಾರು ಆರು ಚದರ ಸೆಂಟಿಮೀಟರು, ಅಂದರೆ ಒಂದು ಅಂಚೆಚೀಟಿಯಷ್ಟು. ಅದರಲ್ಲಿ 7,600 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳಿವೆ. ಅವು ಕ್ಷಣಕ್ಷಣಕ್ಕೂ ತೆರೆದು ಮುಚ್ಚುವದರಿಂದ ಈ ಉಷ್ಣವು ಹುಟ್ಟುತ್ತದೆ. ಸಂಸ್ಕೃತದಲ್ಲಿ ಗಣಕನೆಂದರೆ ಜ್ಯೋತಿಷಿ. ಗ್ರಹಗತಿಯನ್ನು ಗುಣಿಸುವಾಗ ಆತನಿಗೆ ಒಂದು ಬೀಸಣಿಗೆ ಸಾಕಾಗಿದ್ದೀತು. ಈ ಗಣಕಕ್ಕೆ ಎರಡು ಮೂರು ಫ್ಯಾನುಗಳು ಸಾಲವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ, 3.3 ಪೆಟಾಫ್ಲಾಪ್ ಶಕ್ತಿಯ ‘ಪರಮ್ ಪ್ರವೇಗ’ ಎಂಬ ಮಹಾಗಣಕದಲ್ಲಿ ಇದೇ ಕಂಪನಿಯ ವಿ100 ಕಾರ್ಡುಗಳೂ ಇವೆ. ಅಲ್ಲಿ ಗಾಳಿಯನ್ನೇ ನಂಬಿ ಕುಳಿತಿಲ್ಲ. ಬಿಸಿಯೇರುವ ಭಾಗಗಳ ಮಗ್ಗುಲಲ್ಲಿಯೇ ದ್ರವವನ್ನು ಹರಿಯಿಸಿ ಉಷ್ಣವನ್ನು ಹೊರಗೊಯ್ಯುತ್ತಾರೆ. ನಮ್ಮ ಪಡಸಾಲೆಯಲ್ಲಿ ಆ ವ್ಯವಸ್ಥೆಯೆಲ್ಲಿ? ಇಲ್ಲಿ ಕೋಣೆಯ ಗಾಳಿಯೇ ಗತಿ. ಫ್ಯಾನು ಎಷ್ಟೇ ಬೀಸಲಿ, ಕಾರ್ಡನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಚೈತ್ರ ವೈಶಾಖಗಳಲ್ಲಿ ನಮ್ಮ ರಾಯಬಾಗ ಅಥಣಿಗಳ ಬಯಲುಸೀಮೆಯ ಬಿಸಿಗಾಳಿಯಿಂದಲೇ ಅದು ಉಸಿರಾಡಬೇಕು. ಉಷ್ಣಮಾನವು 90 ಡಿಗ್ರಿಯ ಎಲ್ಲೆಯನ್ನು ಮುಟ್ಟಿತೆಂದರೆ ಕಾರ್ಡು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುವದು. ಕೊಟ್ಟ ಹಣದ ಫಲವು ಅಷ್ಟರ ಮಟ್ಟಿಗೆ ಇಳಿಯಿತು. ಆದ್ದರಿಂದ ಯಂತ್ರವನ್ನು ಬಾಗಿಲು ಮುಚ್ಚಿದ ಕಪಾಟಿನಲ್ಲಿ ಇಡತಕ್ಕದ್ದಲ್ಲ. ಧೂಳಿಗೆಂದು ಕಸೂತಿಯ ಅರಿವೆಯನ್ನು ಹೊದಿಸುವ ತಾಯಂದಿರು ಯಂತ್ರವು ನಡೆಯುತ್ತಿರುವಾಗ ಅದನ್ನು ತೆಗೆದಿಡಬೇಕು. ಕಿಡಕಿಯು ತೆರೆದಿರಲಿ.

ಇದಕ್ಕಿಂತಲೂ ಮೇಲಾದ ಉಪಾಯವೊಂದುಂಟು; ಅದಕ್ಕೆ ಕಾಸಿನ ಖರ್ಚೂ ಇಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಕಾರ್ಡು ತಿನ್ನುವ ವಿದ್ಯುತ್ತಿಗೆ ಮಿತಿಯನ್ನು ಹಾಕಬಹುದು. 450ನ್ನು 315ಕ್ಕೆ, ಎಂದರೆ ನೂರಕ್ಕೆ ಎಪ್ಪತ್ತಕ್ಕೆ ಇಳಿಸಿದರೂ ಕೆಲಸದ ವೇಗವು ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಕುಂದುವದಿಲ್ಲ. ಯಾತಕ್ಕೆಂದರೆ, ಕೊನೆಯ ತುಸು ವೇಗಕ್ಕಾಗಿ ಚಿಪ್ಪಿಗೆ ಹೆಚ್ಚು ವೋಲ್ಟೇಜು ಕೊಡಬೇಕಾಗುವದು. ವ್ಯಯವಾದರೋ ವೋಲ್ಟೇಜಿನ ವರ್ಗದಂತೆ ಏರುವದು. ನಾನು ನೋಡಿದ ಮಟ್ಟಿಗೆ ಹುಡುಗರಿಗೆ ಈ ಮಿತಿಯ ಮಾತು ರುಚಿಸದು. ಹಿರಿಯರು ಹಟ ಹಿಡಿಯಬೇಕು.

ಬಿಲ್ಲಿನ ಮಾತೂ ಇದೆ. ಇಡಿಯ ಯಂತ್ರವು 700 ವ್ಯಾಟ್ ತೆಗೆದುಕೊಳ್ಳುತ್ತ ದಿನಕ್ಕೆ ಐದು ತಾಸು ದುಡಿದರೆ ಮೂರೂವರೆ ಯೂನಿಟ್, ತಿಂಗಳಿಗೆ 105. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಪರಮಾವಧಿಯು 200 ಯೂನಿಟ್. ಅದನ್ನು ದಾಟಿದರೆ ಆ ತಿಂಗಳಿನ ಸಂಪೂರ್ಣ ಬಿಲ್ಲನ್ನು ತೆರಬೇಕು. ನೂರಾ ಹತ್ತು ಯೂನಿಟ್ಟಿನ ಸಂಸಾರವು ಈ ಒಂದು ಕಾರ್ಡಿನಿಂದ ಗೆರೆಯಾಚೆಗೆ ಹೋದೀತು.

ಇನ್ನು ತಂತಿಗಳ ವಿಚಾರ. ಗೋಡೆಯ 230 ವೋಲ್ಟಿನ ಸಾಕೆಟ್ಟಿನಿಂದ 700 ವ್ಯಾಟಿಗೆ ಹರಿಯುವ ಪ್ರವಾಹವು ಮೂರು ಆಂಪಿಯರು ಮಾತ್ರ, ಅದರಲ್ಲಿ ಭಯವಿಲ್ಲ. ಯಂತ್ರದೊಳಗೆ 12 ವೋಲ್ಟು ಇರುವದರಿಂದ 450 ವ್ಯಾಟಿಗೆ ಮೂವತ್ತೇಳೂವರೆ ಆಂಪಿಯರು ಒಂದು ಚಿಕ್ಕ ಪ್ಲಗ್ಗಿನ ಮೂಲಕ ಹಾಯಬೇಕು. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗದಂತೆ ಬೆಳೆಯುವದೆಂದು ಜೌಲನು 1841ರಲ್ಲಿಯೇ ತೋರಿಸಿದನು. 2022ರಲ್ಲಿ ಹಲವು 4090 ಕಾರ್ಡುಗಳ ಈ ಪ್ಲಗ್ಗು ಕರಗಿದ ಸುದ್ದಿಗಳು ಬಂದವು. ಪ್ಲಗ್ಗು ಪೂರ್ತಿ ಒಳಸೇರದಿದ್ದದ್ದೇ ಕಾರಣವೆಂದು ಕಂಪನಿಯು ಹೇಳಿತು, ಮರುವರ್ಷ ಅದರ ರಚನೆಯನ್ನೂ ತಿದ್ದಲಾಯಿತು. ಕೂಡಿಸುವವನು ಮುಗಿಯಿತೆಂದು ಹೇಳಿದ ಮೇಲೂ ಅದು ತುದಿಯವರೆಗೆ ಒಳಸೇರಿದೆಯೇ, ಬುಡದಲ್ಲಿಯೇ ತಂತಿಯು ಮಡಚಿಕೊಂಡಿದೆಯೇ ಎಂದು ನೀವೇ ಕಣ್ಣಿಟ್ಟು ನೋಡಿರಿ. ಒಳಗಿನ ಪವರ್ ಸಪ್ಲೈ 850 ವ್ಯಾಟಿಗೆ ಕಡಿಮೆಯಿರಬಾರದು. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ವಿದ್ಯುತ್ ಕೆಲಸದವನಿಂದ ಪರೀಕ್ಷಿಸಿರಿ. ದೀಪ ಫ್ಯಾನುಗಳಿಗಾಗಿ ಇಟ್ಟ ಇನ್ವರ್ಟರಿನ ಮೇಲೆ ಈ ಭಾರವನ್ನು ಹೇರಬೇಡಿರಿ. ಕರೆಂಟು ಹೋದಾಗ ಕೆಲಸವನ್ನು ಉಳಿಸಿಕೊಂಡು ಯಂತ್ರವನ್ನು ಆರಿಸುವಷ್ಟು ಹೊತ್ತು ನಿಲ್ಲುವ ಯುಪಿಎಸ್ ಒಂದಿದ್ದರೆ ಸಾಕು.