ಬೇಟೆ ನಿಂತ ನಾಡಿಗೆ ಯಾವ ಗಾಡಿ?

ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ದಾರಿಯ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಕಾರು ಲೆಕ್ಕಕ್ಕಿಲ್ಲ. 2008ರಲ್ಲಿ ಬಂದ ‘ಗಾಳಿಪಟ’ ಸಿನಿಮಾದ ಮುಗಿಲುಪೇಟೆಯನ್ನು ನೋಡಲೆಂದು ಬರುವವರು ಕೆಳಗೇ ಕಾರು ನಿಲ್ಲಿಸಿ ಜೀಪು ಹತ್ತುತ್ತಾರೆ. ಹತ್ತುವಾಗ ಎಲ್ಲರ ಗಮನವೂ ಎಂಜಿನ್ನಿನ ಗುಡುಗಿನ ಮೇಲೆ, ಮೇಲೆ ಕಾಣುವ ಮಂಜಿನ ಮೇಲೆ. ಚಾಲಕನ ಕೈಚಳಕ ತಿಳಿಯುವುದು ಇಳಿಯುವಾಗ. ಅವನು ಚಿಕ್ಕ ಲಿವರ್ ಎಳೆದು ಲೋ ಗೇರ್ ಹಾಕುತ್ತಾನೆ, ಕ್ಲಚ್ಚಿನಿಂದ ಕಾಲು ತೆಗೆಯುತ್ತಾನೆ, ಬ್ರೇಕನ್ನು ಮುಟ್ಟಿಯೂ ಮುಟ್ಟದಂತೆ ಬಿಡುತ್ತಾನೆ. ಗಾಡಿ ತನ್ನ ಎಂಜಿನ್ನಿನ ಹಿಡಿತದಲ್ಲೇ ಹೆಜ್ಜೆ ಹೆಜ್ಜೆಯಾಗಿ ಕೆಳಗೆ ಬರುತ್ತದೆ. ಕೊಡಗಿನಲ್ಲಿ ಕಾಡುದಾರಿಗೆ, ತೋಟದ ದಾರಿಗೆ ಗಾಡಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಅಶ್ವಶಕ್ತಿ, ಬಣ್ಣ, ದೀಪಗಳ ಸಾಲು ಎಲ್ಲವೂ ಆಮೇಲೆ.

ಈಚಿನ ವರ್ಷಗಳಲ್ಲಿ ಈ ಆಯ್ಕೆಗೆ ಹೊಸದೊಂದು ಗಾಡಿ ಸೇರಿಕೊಂಡಿದೆ. ಬೈಕಿನಂತೆ ಹ್ಯಾಂಡಲ್ ಹಿಡಿದು, ಕಾಲು ಇಬ್ಬದಿಗೆ ಚಾಚಿ ಕೂರುವ ನಾಲ್ಕು ಚಕ್ರದ ಎಟಿವಿ. ರೆಸಾರ್ಟುಗಳಲ್ಲಿ ಪ್ರವಾಸಿಗರು ಕಾಫಿ ತೋಟದ ನಡುವೆ ಒಂದು ಸುತ್ತು ಹೊಡೆಯುವ ಆಟದ ಗಾಡಿಯಾಗಿ ಇದು ನಮ್ಮಲ್ಲಿ ಪರಿಚಯವಾಯಿತು. ಹುಟ್ಟು ಮಾತ್ರ ಬೇರೆ ಕಡೆ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮೂರು ಚಕ್ರದ ಇಂಥ ಗಾಡಿಯನ್ನು ಮಾರಲು ಆರಂಭಿಸಿತು. ಅದು ಮಗುಚಿ ಬಿದ್ದು ಆದ ಸಾವುನೋವುಗಳ ಕಾರಣದಿಂದ 1980ರ ದಶಕದ ಕೊನೆಗೆ ಅಲ್ಲಿ ಮೂರು ಚಕ್ರದ ಎಟಿವಿಗಳ ಮಾರಾಟವೇ ನಿಂತಿತು. ಅಷ್ಟರಲ್ಲಿ ಸುಜುಕಿ ತಂದ ನಾಲ್ಕು ಚಕ್ರದ ಮಾದರಿ ನೆಲೆಯೂರಿತ್ತು. ಅಲ್ಲಿನ ಜಾಹೀರಾತುಗಳಲ್ಲಿ ಈ ಗಾಡಿಗೆ ಬಂದೂಕು ಕಟ್ಟುವ ಕೊಕ್ಕೆ ಇರುತ್ತದೆ, ಹಿಂದಿನ ಕ್ಯಾರಿಯರ್ ಮೇಲೆ ಹೊಡೆದ ಜಿಂಕೆ ಇರುತ್ತದೆ. ಅದೇ ಚಿತ್ರ ಇಂದು ಮಡಿಕೇರಿಯ ಹುಡುಗನ ಮೊಬೈಲಿಗೂ ಬರುತ್ತದೆ. ಅವನ ಮನೆಯ ಗೋಡೆಯಲ್ಲಿ ತೋಕ್, ಅಂದರೆ ಬಂದೂಕು, ಇದೆ, ತೋಟದ ಅಂಚಿಗೆ ಕಾಡಿದೆ. ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಬೇಟೆಯ ಮಾತನ್ನು ಮೊದಲೇ ನೇರವಾಗಿ ಆಡಿಬಿಡಬೇಕು. ಕೊಡಗಿನಲ್ಲಿ ಬೇಟೆ ಬರೀ ಮೋಜಾಗಿರಲಿಲ್ಲ, ಊರಿನ ಬದುಕಿನ ಭಾಗವಾಗಿತ್ತು. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದಾಗ ಬಂದೂಕು, ಒಡಿಕತ್ತಿಗಳನ್ನು ಒರೆಸಿ, ತೋಕ್ ಪೂ ಮುಡಿಸಿ ಪೂಜಿಸಿದ ಮೇಲೆ ಬೇಟೆಯ ಕಾಲ ಶುರುವಾಗುತ್ತಿತ್ತು. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ಗೌರವಿಸುವ ನರಿಮಂಗಲವಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಮಾತ್ರ. ಕಾಡುಪ್ರಾಣಿಯ ಮೇಲೆ ಅದನ್ನು ಎತ್ತುವ ಹಕ್ಕು ಅದರಲ್ಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಗಾಡಿ ಕೊಳ್ಳುವವರು ಒಮ್ಮೆ ಓದುವುದು ಒಳ್ಳೆಯದು. ಅದರ ಲೆಕ್ಕದಲ್ಲಿ ಗುಂಡು ಹಾರಿದರಷ್ಟೇ ಬೇಟೆ ಎಂದಲ್ಲ. ಪ್ರಾಣಿಯನ್ನು ಬೆನ್ನಟ್ಟುವುದು, ಹೊಡೆಯಲು ಅನುಕೂಲವಾಗುವಂತೆ ಒಂದು ಕಡೆಗೆ ಅಟ್ಟುವುದು, ಹಿಡಿಯಲು ಪ್ರಯತ್ನಿಸುವುದು ಕೂಡ ಬೇಟೆಯೇ. ರಾತ್ರಿ ಹೊತ್ತು ಹೆಡ್‌ಲೈಟ್ ಹಾಕಿ ಕಡವೆಯ ಹಿಂದೆ ಎಟಿವಿ ಓಡಿಸಿದವನು ಬಂದೂಕು ಮನೆಯಲ್ಲೇ ಬಿಟ್ಟು ಬಂದಿದ್ದರೂ ಅಪರಾಧಿಯಾಗಬಲ್ಲ. ಬೇಟೆಗೆ ಬಳಸಿದ ವಾಹನ ಸರ್ಕಾರದ ಸ್ವತ್ತಾಗುತ್ತದೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಮೊದಲ ಅನುಸೂಚಿಯ ಪ್ರಾಣಿಯಾದರೆ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ. ಕಾಡುಹಂದಿ ಗದ್ದೆ ಹಾಳು ಮಾಡಿತು ಎಂಬ ಸಂಕಟ ನಿಜವಾದದ್ದೇ. ಅದಕ್ಕೆ ದಾರಿ ಅರಣ್ಯ ಇಲಾಖೆಯ ಬಾಗಿಲು. ಅನುಮತಿ ಪತ್ರವಿಲ್ಲದೆ ಯಾರೂ ತಾವೇ ತೀರ್ಮಾನಿಸುವಂತಿಲ್ಲ.

ಇದನ್ನು ಹೊರಗಿನವರು ತಂದು ಹೇರಿದ ನಿಯಮವೆಂದು ದೂರುವವರಿಗೆ ದಕ್ಷಿಣ ಕೊಡಗಿನ ಕೆ.ಎಂ. ಚಿಣ್ಣಪ್ಪನವರನ್ನು ನೆನಪಿಸಬೇಕು. ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿ ಅವರು ಕಳ್ಳಬೇಟೆಗಾರರ ಎದುರು ನಿಂತದ್ದು ವರ್ಷಗಟ್ಟಲೆ. ಇಲ್ಲಿಯೇ ಹುಟ್ಟಿ ಬೆಳೆದ ಅವರು 2024ರಲ್ಲಿ ತೀರಿಕೊಂಡರು. ಇವತ್ತು ನಾಗರಹೊಳೆಯಲ್ಲಿ ಹುಲಿ ಇದೆ ಎಂದರೆ ಅದರ ಹಿಂದೆ ಇಂಥವರ ದುಡಿಮೆ ಇದೆ. ನನ್ನ ಮಟ್ಟಿಗೆ ಕೊಡಗಿನ ಬಂದೂಕಿನ ಗೌರವ ಉಳಿಯುವುದು ಕೈಲ್‌ಪೊಳ್ದಿನ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ, ಪುತ್ತರಿಯ ಕದಿರು ಕೊಯ್ಯುವಾಗ ಹಾರಿಸುವ ಗುಂಡಿನಲ್ಲಿ.

ಹಾಗಾದರೆ ಗಾಡಿ ಯಾವ ಕೆಲಸಕ್ಕೆ? ತೋಟಕ್ಕೆ, ಮತ್ತು ಬಿಡುವಿನಲ್ಲಿ ಗುಡ್ಡದ ದಾರಿಗೆ.

ತೋಟದ ಕೆಲಸಕ್ಕೆ ಎಟಿವಿ ನಿಜವಾಗಿಯೂ ಒದಗುತ್ತದೆ. ಅಗಲ ಸುಮಾರು ನಾಲ್ಕು ಅಡಿ, ತೂಕ ಮುನ್ನೂರರಿಂದ ನಾನೂರು ಕೆ.ಜಿ. ಜೀಪು ತಿರುಗಲಾಗದ ಕಡೆ ಅದು ತಿರುಗುತ್ತದೆ. ರೊಬಸ್ಟಾ ಗಿಡಗಳನ್ನು ಹತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ರೆಂಬೆ ತಾಗಿದರೂ ದಾರಿ ಸಿಗುತ್ತದೆ. ಆರು ಅಡಿಗೊಂದು ಗಿಡವಿರುವ ಅರೇಬಿಕಾ ತೋಟದಲ್ಲಿ ಅದಕ್ಕೂ ಜಾಗವಿಲ್ಲ, ಕಾಲುದಾರಿಯಲ್ಲೇ ಹೋಗಬೇಕು. ಅಗಲವಾದ, ಕಡಿಮೆ ಗಾಳಿಯ ಟೈರುಗಳು ಮೆತ್ತನೆಯ ಮಣ್ಣಿನಲ್ಲಿ ಹೂಳುವುದು ಕಡಿಮೆ. ಫೆಬ್ರವರಿ–ಮಾರ್ಚಿನಲ್ಲಿ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವಾಗ ಜೆಟ್ಟು, ಫಿಟ್ಟಿಂಗುಗಳನ್ನು ಬ್ಲಾಕಿನಿಂದ ಬ್ಲಾಕಿಗೆ ಒಯ್ಯಲು, ಮಳೆಗಾಲಕ್ಕೆ ಮೊದಲು ಬೋರ್ಡೊ ದ್ರಾವಣದ ಡ್ರಮ್ಮನ್ನು ಟ್ರೇಲರಿನಲ್ಲಿ ಎಳೆಯಲು ಇದಕ್ಕಿಂತ ಹಗುರವಾದ ಸಹಾಯವಿಲ್ಲ. ಹೊರುವ ಶಕ್ತಿಯನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕು. ಮಧ್ಯಮ ಗಾತ್ರದ ಎಟಿವಿಯ ಮುಂದಿನ ಕ್ಯಾರಿಯರ್ ಸುಮಾರು 40 ಕೆ.ಜಿ., ಹಿಂದಿನದು 80 ಕೆ.ಜಿ. ತಡೆಯುತ್ತದೆ. ಅಂದರೆ 50 ಕೆ.ಜಿ.ಯ ಕಾಫಿ ಚೀಲ ಹಿಂದೆ ಒಂದೇ. ಎರಡನೆಯದನ್ನು ಹೇರಿ ಏರು ಹತ್ತಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ.

ಅದರ ಅಪಾಯ ಇರುವುದೂ ಅಲ್ಲೇ. ಎಟಿವಿಗೆ ಸೂರಿಲ್ಲ, ಸೀಟ್ ಬೆಲ್ಟ್ ಇಲ್ಲ, ಸವಾರನ ಮೈಭಾರವೇ ಅದರ ಸಮತೋಲ. ಏರುವಾಗ ಮುಂದಕ್ಕೆ ಬಾಗಬೇಕು, ಅಡ್ಡ ಇಳಿಜಾರಿನಲ್ಲಿ ಮೇಲ್ಬದಿಗೆ ವಾಲಬೇಕು. ಇದು ಅಭ್ಯಾಸದಿಂದಲೇ ಬರುವಂಥದ್ದು. ಒಬ್ಬರಿಗಾಗಿ ತಯಾರಾದ ಗಾಡಿಯ ಹಿಂದೆ ಇನ್ನೊಬ್ಬರನ್ನು ಕೂರಿಸಿದರೆ ಆ ಸಮತೋಲ ಹೋಯಿತು. ದೊಡ್ಡವರ ಎಟಿವಿಯನ್ನು 16 ವರ್ಷ ತುಂಬದ ಮಕ್ಕಳ ಕೈಗೆ ಕೊಡಬೇಡಿ ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೇಳುತ್ತಲೇ ಬಂದಿದೆ. ನಮ್ಮಲ್ಲಿ ಹಬ್ಬಕ್ಕೆ ಬಂದ ನೆಂಟರ ಮಕ್ಕಳು ಕೇಳಿದ ಕೂಡಲೇ ಕೀಲಿ ಕೊಡುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, ಸುತ್ತ ಕಬ್ಬಿಣದ ಪಂಜರವೂ ಸ್ಟೇರಿಂಗೂ ಇರುವ ದೊಡ್ಡ ಮಾದರಿ ಈ ವಿಷಯದಲ್ಲಿ ಹೆಚ್ಚು ಸುರಕ್ಷಿತ. ಅದರ ಬೆಲೆ ಮಾತ್ರ ಒಂದು ಕಾರಿನದು.

ಇನ್ನೊಂದು ತೊಡಕು ಕಾಗದಪತ್ರದ್ದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ರಸ್ತೆಗೆ ಇಳಿಯುವ ಗಾಡಿಗೆ ನೋಂದಣಿ ಬೇಕೇ ಬೇಕು. ನಮ್ಮಲ್ಲಿ ಮಾರಾಟವಾಗುವ ಎಟಿವಿಗಳಲ್ಲಿ ಹೆಚ್ಚಿನವು ಖಾಸಗಿ ಜಾಗದ ಬಳಕೆಗೆ ಮಾತ್ರ. 2011ರಲ್ಲಿ ಭಾರತಕ್ಕೆ ಬಂದ ಪೊಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಮಾದರಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ನೋಂದಾಯಿಸುವಂತೆ ಸಿದ್ಧಪಡಿಸಿ ಮಾರಿದ್ದು ಈ ತೊಡಕನ್ನು ದಾಟಲಿಕ್ಕಾಗಿಯೇ. ಕೊಡಗಿನ ತೋಟಗಳ ಪಾಡು ನಿಮಗೆ ಗೊತ್ತು. ಅರ್ಧ ತೋಟ ರಸ್ತೆಯ ಈಚೆ, ಅರ್ಧ ಆಚೆ. ನೋಂದಣಿಯಿಲ್ಲದ ಗಾಡಿ ಆ ರಸ್ತೆಯನ್ನು ದಾಟುವಾಗ ಯಾರಿಗಾದರೂ ತಾಗಿದರೆ ವಿಮೆಯ ರಕ್ಷಣೆಯಿಲ್ಲ, ಪರಿಹಾರದ ಹೊರೆ ಪೂರಾ ಮಾಲೀಕನ ಮೇಲೆ. ಅಂಗಡಿಯವರ ಬಾಯಿಮಾತನ್ನು ನಂಬಿ ಹಣ ಕಟ್ಟುವ ಬದಲು ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ, ಈ ಮಾದರಿಗೆ ನಂಬರ್ ಸಿಗುತ್ತದೆಯೇ ಎಂದು ಮುಂಚೆಯೇ ಕೇಳಿಕೊಳ್ಳಬೇಕು.

ಮನೆಗೆ ಒಂದೇ ಗಾಡಿ ಎನ್ನುವುದಾದರೆ ನನ್ನ ಓಟು ಜೀಪಿಗೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಆರಂಭಿಸಿತು. ಅಂದಿನಿಂದ ಮಲೆನಾಡಿನ ತೋಟಗಳಿಗೂ ಜೀಪಿಗೂ ಬಿಡದ ನಂಟು. ಕೂಲಿಯವರನ್ನು ಲೈನ್‌ಮನೆಯಿಂದ ಕರೆತಂದದ್ದು, ಗೊಬ್ಬರ ಹೊತ್ತದ್ದು, ಹೆರಿಗೆ ನೋವು ಬಂದವಳನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದು ಎಲ್ಲವೂ ಅದೇ. ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540 ಇಂದಿಗೂ ಈ ಕಡೆ ಓಡುತ್ತಿದೆ ಎಂದರೆ ಕಾರಣ ಸರಳ. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕು ಪೇಟೆಯಲ್ಲೇ ಇದ್ದಾನೆ. ಹಳೆಯ ಜೀಪು ಕೊಳ್ಳುವವರು ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ಅಡಿಗೆ ನುಗ್ಗಿ ನೋಡಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು, ಹೊರಗಿನ ಬಣ್ಣ ಏನನ್ನೂ ಹೇಳುವುದಿಲ್ಲ. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದೂ ನೆನಪಿರಲಿ.

ಹೊಸದು ಬೇಕೆನ್ನುವವರಿಗೆ 2020ರ ಥಾರ್ ಇದೆ. ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ. ಆಳದ ನೀರು ದಾಟುವ ಸಾಮರ್ಥ್ಯ, ಲೋ ಗೇರ್ ಎಲ್ಲವೂ ಇದೆ. ಇಲ್ಲಿ ಒಂದು ಎಚ್ಚರಿಕೆ. 2023ರಿಂದ ಹಿಂದಿನ ಚಕ್ರಗಳಿಗೆ ಮಾತ್ರ ಎಳೆತವಿರುವ ಥಾರ್ ಕೂಡ ಬರುತ್ತಿದೆ. ಹೊರಗಿನಿಂದ ನೋಡಿದರೆ ಹೆಚ್ಚು ವ್ಯತ್ಯಾಸವಿಲ್ಲ, ಬೆಲೆಯೂ ಕಡಿಮೆ. ಆಷಾಢದ ಕೆಂಪು ಕೆಸರಿನಲ್ಲಿ ಅದು ಮಾಮೂಲಿ ಕಾರು ಅಷ್ಟೆ. ಒಳಗೆ ಎರಡನೆಯ ಲಿವರ್ ಇದೆಯೇ ಎಂದು ನೋಡಿಯೇ ಮುಂಗಡ ಕೊಡಿ. ಅದೇ ವರ್ಷ ಬಂದ ಮಾರುತಿ ಜಿಮ್ನಿಗೆ ಫೋರ್ ವೀಲೂ ಲೋ ಗೇರೂ ಎರಡೂ ಇವೆ. ಹಳೆಯ ಜಿಪ್ಸಿಯಂತೆಯೇ ಹಗುರವಾದ ಗಾಡಿ, ಕೆಸರಿನಲ್ಲಿ ಆ ಹಗುರವೇ ಅದರ ಬಲ. ಫೋರ್ಸ್ ಗೂರ್ಖಾದಲ್ಲಿ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳನ್ನು ಲಾಕ್ ಮಾಡಬಹುದು. ಒಂದು ಚಕ್ರ ಕೊರಕಲಿನಲ್ಲಿ ತೂಗಾಡುತ್ತಿರುವಾಗ ಲಾಕ್ ಇಲ್ಲದ ಗಾಡಿ ಶಕ್ತಿಯನ್ನೆಲ್ಲ ಆ ತೂಗಾಡುವ ಚಕ್ರಕ್ಕೇ ಕೊಟ್ಟು ಸುಮ್ಮನೆ ತಿರುಗಿಸುತ್ತದೆ. ಲಾಕ್ ಹಾಕಿದರೆ ನೆಲ ಹಿಡಿದಿರುವ ಚಕ್ರಕ್ಕೂ ಪಾಲು ಸಿಗುತ್ತದೆ.

ಮತ್ತೆ ಇಳಿಜಾರಿಗೆ ಬರುತ್ತೇನೆ, ಅನಾಹುತಗಳು ಆಗುವುದು ಅಲ್ಲೇ. ನೆನೆದ ಜೇಡಿಯ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ನಿಂತ ಚಕ್ರಕ್ಕೆ ಸ್ಟೇರಿಂಗಿನ ಮಾತೂ ಕೇಳುವುದಿಲ್ಲ. ಅದಕ್ಕೇ ಎಂಜಿನ್ನಿನ ಹಿಡಿತ ಇಷ್ಟು ಮುಖ್ಯ. ಬೆಲ್ಟಿನ ಮೇಲೆ ನಡೆಯುವ ಗೇರ್‌ರಹಿತ ಎಟಿವಿಗಳಲ್ಲಿ ಕೆಲವು, ವೇಗ ತೀರಾ ತಗ್ಗಿದಾಗ ಎಂಜಿನ್ನಿನಿಂದ ಕಳಚಿಕೊಂಡು ಜಾರಲು ಬಿಟ್ಟುಬಿಡುತ್ತವೆ. ಇಳಿಜಾರಿನಲ್ಲಿ ತಡೆಹಿಡಿಯುವ ವ್ಯವಸ್ಥೆ ಇರುವ ಮಾದರಿಯನ್ನೇ ಕೇಳಿ ಕೊಳ್ಳಬೇಕು. ಟೈರಿನ ವಿಷಯವೂ ಹೀಗೆಯೇ. ದೊಡ್ಡ ಬಟನ್ ಟೈರುಗಳು ಮೆತ್ತಿದ ಮಣ್ಣನ್ನು ತಿರುಗುತ್ತಲೇ ಕೊಡವಿಕೊಳ್ಳುತ್ತವೆ, ಆದರೆ ಟಾರು ರಸ್ತೆಯಲ್ಲಿ ಗದ್ದಲ ಮಾಡುತ್ತವೆ, ಬೇಗ ಸವೆಯುತ್ತವೆ. ಮಳೆಗಾಲಕ್ಕೆ ಚಕ್ರಕ್ಕೆ ಚೈನ್ ಕಟ್ಟುವ ಹಿರಿಯರ ರೂಢಿ ಅಗ್ಗದ್ದು, ಒಳ್ಳೆಯದು. ಆದರೆ ಭಾರೀ ಟೈರು ತುರುಕಲೆಂದು ಗಾಡಿಯನ್ನೇ ಕತ್ತರಿಸಿ ಎತ್ತರಿಸುವ ಹುಚ್ಚು ಬೇಡ. ನೋಂದಣಿಯಲ್ಲಿ ದಾಖಲಾದ ತಯಾರಕರ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಎತ್ತರಿಸಿದ ಗಾಡಿ ಅಡ್ಡ ಇಳಿಜಾರಿನಲ್ಲಿ ಮಗುಚುವುದೂ ಸುಲಭ.

ಗಾಡಿ ಬಂದ ಮೇಲೆ ಎಲ್ಲಿ ಓಡಿಸುವುದು ಎಂಬುದು ಉಳಿಯುತ್ತದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಧಾಮಗಳು, ಅನುಮತಿಯಿಲ್ಲದೆ ಚಕ್ರ ಇಡುವಂತಿಲ್ಲ. ದೇವರಕಾಡಿನೊಳಗೆ ಗಾಡಿ ನುಗ್ಗಿಸುವುದು ಯಾವ ಊರಿಗೂ ಸಹ್ಯವಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಮಳೆಯಲ್ಲಿ ನೆನೆದ ಬರೆ ಎಷ್ಟು ನಂಬಿಕೆಗೆ ಯೋಗ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಚಕ್ರ ಕೊರೆದ ಗೀರು ಮುಂದಿನ ಮಳೆಗೆ ನೀರಿನ ಕಾಲುವೆಯಾಗುತ್ತದೆ. ಹುಲ್ಲುಗಾವಲಿನ ಮೇಲೆ ಹೊಸ ದಾರಿ ಮಾಡುವ ಬದಲು ಇರುವ ದಾರಿಯಲ್ಲೇ ಹೋಗಬೇಕು. ಸಂಜೆಯ ಮೇಲೆ ತೆರೆದ ಎಟಿವಿಯಲ್ಲಿ ತೋಟ ಸುತ್ತುವುದನ್ನಂತೂ ಬಿಡಲೇಬೇಕು. ಸಿದ್ದಾಪುರದ ಕಡೆ ಆನೆಗಳು ಹಗಲೇ ಕಾಫಿ ಗಿಡಗಳ ನಡುವೆ ನಿಂತಿರುತ್ತವೆ, ಎಂಜಿನ್ನಿನ ಸದ್ದಿನಲ್ಲಿ ರೆಂಬೆ ಮುರಿಯುವ ಸದ್ದು ಕೇಳುವುದಿಲ್ಲ.

ಕೊಳ್ಳುವ ತಿಂಗಳು ಯಾವುದೆಂದು ಕೇಳಿದರೆ ಜುಲೈ ಎನ್ನುತ್ತೇನೆ. ಡಿಸೆಂಬರಿನ ಒಣ ನೆಲದಲ್ಲಿ ಎಲ್ಲ ಗಾಡಿಗಳೂ ಗಟ್ಟಿಗರಂತೆ ಕಾಣುತ್ತವೆ. ಮಳೆ ಹಿಡಿದ ದಿನ ತೋಟದ ಅತಿ ಕಡಿದಾದ ಇಳಿಜಾರಿಗೆ ಗಾಡಿಯನ್ನು ತರಿಸಿ, ಜೀಪಾದರೆ ಇಬ್ಬರನ್ನು ಕೂರಿಸಿ, ಬ್ರೇಕ್ ಮುಟ್ಟದೆ ಲೋ ಗೇರಿನಲ್ಲಿ ಇಳಿಸಿ ನೋಡಿ. ಆ ಪರೀಕ್ಷೆಗೆ ಮಾರುವವನು ಒಪ್ಪದಿದ್ದರೆ ಇನ್ನೊಂದು ಗಾಡಿ ನೋಡಿ.