ಹಳೆಯ ಚೌಕಟ್ಟಿನಲ್ಲಿ ಹೊಸ ಮುಖಗಳು

ಅಮೆರಿಕದ ಟಾಪ್ಸ್ ಸಂಸ್ಥೆಯವರು ವರ್ಷಕ್ಕೊಮ್ಮೆ ಹೊರತರುವ ‘ಹೆರಿಟೇಜ್’ ಎಂಬ ಬೇಸ್‌ಬಾಲ್ ಕಾರ್ಡುಗಳ ಮಾಲೆಗೆ ಒಂದು ವಿಲಕ್ಷಣವಾದ ನಿಯಮವುಂಟು: ಆಟಗಾರರು ಈ ವರ್ಷದವರು, ಅವರ ಸಾಧನೆಯ ಅಂಕಿಗಳು ಕಳೆದ ಋತುವಿನವು, ಆದರೆ ಭಾವಚಿತ್ರವನ್ನು ಸುತ್ತುವರಿದ ಚೌಕಟ್ಟು, ಹೆಸರು ಬರೆದ ಅಕ್ಷರಗಳ ಮಾಟ, ಬೆನ್ನಿನ ಬರಹದ ಜೋಡಣೆ, ಕೊನೆಗೆ ಹೊಳಪಿಲ್ಲದ ಆ ದಪ್ಪ ಕಾಗದದ ಒರಟುತನ ಕೂಡ, ಸರಿಯಾಗಿ 49 ವರ್ಷಗಳ ಹಿಂದಿನ ಮಾದರಿಯವು. 2001ರಲ್ಲಿ ಮಾಲೆ ಆರಂಭವಾದಾಗ 1952ರ ವಿನ್ಯಾಸವನ್ನು ಕೈಗೆತ್ತಿಕೊಂಡರು, ಮರುವರ್ಷ 1953ರದು, ಹೀಗೆ ವರ್ಷಕ್ಕೊಂದು ಮೆಟ್ಟಿಲು ಏರುತ್ತ 2025ರಲ್ಲಿ 1976ರ ವಿನ್ಯಾಸಕ್ಕೆ ಬಂದರು. ಕಾಲು ಶತಮಾನದ ಕಾಲ ಮುರಿಯದೆ ನಡೆದುಬಂದ ಈ ವ್ರತದಲ್ಲಿ ವಣಿಗ್ಬುದ್ಧಿ ಇಲ್ಲವೆಂದಲ್ಲ. ಆದರೆ ಕೇವಲ ವಣಿಗ್ಬುದ್ಧಿಯಿಂದ ಇಂತಹ ನಿಷ್ಠೆ ಹುಟ್ಟದು ಎಂಬುದು ನನ್ನ ನಂಬಿಕೆ.

ಬೇಸ್‌ಬಾಲ್ ಕಾರ್ಡೆಂದರೆ ಅಂಗೈಯೊಳಗೆ ಅಡಗುವಷ್ಟು ಅಗಲದ, ಒಂದು ಬದಿಯಲ್ಲಿ ಆಟಗಾರನ ಚಿತ್ರವೂ ಇನ್ನೊಂದು ಬದಿಯಲ್ಲಿ ಅವನ ಊರು, ಎತ್ತರ, ತೂಕ, ಹೊಡೆತಗಳ ಲೆಕ್ಕ ಮೊದಲಾದವೂ ಅಚ್ಚಾಗಿರುವ ರಟ್ಟಿನ ತುಂಡು. 1980ರ ದಶಕದ ಕೊನೆಯಲ್ಲಿ ನಮ್ಮ ಊರುಗಳ ಹುಡುಗರು ಬಬಲ್‌ಗಮ್ಮಿನ ಜೊತೆ ದೊರೆಯುತ್ತಿದ್ದ ಕ್ರಿಕೆಟ್ ಚೀಟಿಗಳಿಗಾಗಿ ಅಂಗಡಿಗಳ ಮುಂದೆ ನಿಂತದ್ದನ್ನು ನೆನೆಯಬಲ್ಲವರಿಗೆ ಇದರ ಆಕರ್ಷಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಅದು ಕೆಲವು ವರ್ಷಗಳ ಗೀಳಾಗಿ ಬಂದು ಹೋಯಿತು. ಅಲ್ಲಿ ಅದು ನೂರಮೂವತ್ತು ವರ್ಷಗಳಿಗೂ ಮಿಕ್ಕಿದ ಪರಂಪರೆ.

ಆ ಪರಂಪರೆಯ ಮೂಲ ಮಕ್ಕಳ ಮಿಠಾಯಿಯಲ್ಲಿ ಇಲ್ಲ, ದೊಡ್ಡವರ ಧೂಮಪಾನದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟಿನ ಮೃದುವಾದ ಪೊಟ್ಟಣ ಮುದುಡದಂತೆ ಒಳಗೊಂದು ರಟ್ಟಿನ ತುಂಡನ್ನು ಇಡುವ ಪದ್ಧತಿಯಿತ್ತು. ಆ ತುಂಡನ್ನು ಬರಿದಾಗಿ ಬಿಡುವುದೇಕೆಂದು ಯೋಚಿಸಿದ ವ್ಯಾಪಾರಿಗಳು ಅದರ ಮೇಲೆ ಚಿತ್ರಗಳನ್ನು ಅಚ್ಚು ಹಾಕಿಸಿದರು. ವರ್ಜೀನಿಯಾ ಪ್ರಾಂತದ ರಿಚ್ಮಂಡ್ ನಗರದ ಆಲನ್ ಅಂಡ್ ಗಿಂಟರ್ ಎಂಬ ತಂಬಾಕಿನ ಸಂಸ್ಥೆ 1887ರಲ್ಲಿ ಹೊರಡಿಸಿದ, ಲೋಕದ ವೀರಾಗ್ರಣಿಗಳೆಂಬ ಅರ್ಥದ ಹೆಸರಿನ, ಐವತ್ತು ಚಿತ್ರಗಳ ಮಾಲೆ ಇವುಗಳಲ್ಲಿ ಅತ್ಯಂತ ಸುಂದರವಾದುದು. ಕಲ್ಲಚ್ಚಿನಲ್ಲಿ ಹಲವು ವರ್ಣಗಳನ್ನು ಒಂದರ ಮೇಲೊಂದು ಒತ್ತಿ ಮೂಡಿಸಿದ ಆ ಚಿತ್ರಗಳಲ್ಲಿ ಬೇಸ್‌ಬಾಲ್ ಆಟಗಾರರು ಹತ್ತೇ ಮಂದಿ. ಉಳಿದವರು ಮುಷ್ಟಿಮಲ್ಲರು, ಕುಸ್ತಿಪಟುಗಳು, ದೋಣಿಯ ಹುಟ್ಟು ಹಾಕುವವರು, ಬಿಲಿಯರ್ಡ್ಸ್ ನಿಪುಣರು, ಮತ್ತು ಗುರಿಕಾರರು. ಗುರಿಕಾರ್ತಿಯಾಗಿ ಹೆಸರು ಪಡೆದಿದ್ದ ಆನಿ ಓಕ್ಲಿಯ ಚಿತ್ರವೂ ಅದರೊಳಗಿದೆ. ಕ್ರೀಡೆಯನ್ನು ಒಂದೇ ಆಟದ ಬೇಲಿಯೊಳಗೆ ಕಟ್ಟಿಹಾಕದ ಆ ಉದಾರದೃಷ್ಟಿ ನನಗೆ ಬಹಳ ಮೆಚ್ಚುಗೆಯಾದುದು.

ಮುಂದೆ ತಂಬಾಕಿನ ವ್ಯಾಪಾರವೆಲ್ಲ ಒಂದೇ ಕೈಗೆ ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿಯಾದ ಮೇಲೆ, 1909ರಿಂದ 1911ರವರೆಗೆ ಹೊರಬಂದ 520ಕ್ಕೂ ಹೆಚ್ಚು ಚಿತ್ರಗಳ ಮಾಲೆಯೊಂದುಂಟು. ಸಂಗ್ರಾಹಕರು ಅದನ್ನು ಟಿ-206 ಎಂಬ ಸಂಕೇತದಿಂದ ಕರೆಯುತ್ತಾರೆ. ಪಿಟ್ಸ್‌ಬರ್ಗಿನ ಆಟಗಾರ ಹೋನಸ್ ವ್ಯಾಗ್ನರ್ ಅದರಲ್ಲಿ ತಮ್ಮ ಚಿತ್ರವನ್ನು ಅಚ್ಚು ಹಾಕಕೂಡದೆಂದು ತಡೆದರು. ಮಕ್ಕಳು ತನ್ನ ಚಿತ್ರದ ಆಸೆಯಿಂದ ಸಿಗರೇಟು ಕೊಂಡಾರೆಂಬ ಅಂಜಿಕೆಯಿಂದ ಹಾಗೆ ಮಾಡಿದರೆಂದು ಕೆಲವರು, ತಕ್ಕ ಹಣ ಸಲ್ಲಲಿಲ್ಲವೆಂದು ಮುನಿದರೆಂದು ಕೆಲವರು ಹೇಳುವುದುಂಟು. ಕಾರಣ ಯಾವುದೇ ಆಗಿರಲಿ, ಆ ಹೊತ್ತಿಗಾಗಲೇ ಹೊರಬಿದ್ದಿದ್ದ ಕೆಲವೇ ಪ್ರತಿಗಳು ಉಳಿದವು. ಅವುಗಳಲ್ಲೊಂದು 2022ರಲ್ಲಿ 72 ಲಕ್ಷ 50 ಸಾವಿರ ಡಾಲರಿಗೆ ಕೈಬದಲಾಯಿತು.

ತಂಬಾಕು ಹಿಂದೆ ಸರಿದು ಗಮ್ ಮುಂದೆ ಬಂದ ಮೇಲೆ ಬಾಸ್ಟನ್ನಿನ ಗೌಡಿ ಸಂಸ್ಥೆಯವರ 1933ರ ಮಾಲೆ ಪ್ರಸಿದ್ಧವಾಯಿತು. ಆದರೆ ಇಂದಿನ ಕಾರ್ಡಿನ ಅಂಗಾಂಗಗಳೆಲ್ಲ ಒಂದೆಡೆ ಕೂಡಿದ್ದು ಟಾಪ್ಸ್ ಸಂಸ್ಥೆಯ 1952ರ ಮಾಲೆಯಲ್ಲಿ. ಬ್ರೂಕ್ಲಿನ್ನಿನ ತಮ್ಮ ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ ಕಾಗದವನ್ನು ಕತ್ತರಿಸಿ, ಅಂಟಿಸಿ ಅದರ ರೂಪವನ್ನು ನಿಶ್ಚಯಿಸಿದವರು ಆ ಸಂಸ್ಥೆಯ ಸೈ ಬರ್ಗರ್. ಕಪ್ಪುಬಿಳುಪಿನ ಛಾಯಾಚಿತ್ರಕ್ಕೆ ಕೈಯಿಂದ ಬಣ್ಣ ತುಂಬಿಸಿದ ಭಾವಚಿತ್ರ, ತಂಡದ ಲಾಂಛನ, ಆಟಗಾರನ ಸಹಿಯ ಪ್ರತಿಕೃತಿ, ಬೆನ್ನಿನಲ್ಲಿ ಕಳೆದ ವರ್ಷದ ಹಾಗೂ ಇಡೀ ಜೀವನದ ಅಂಕಿಗಳು: 407 ಕಾರ್ಡುಗಳಲ್ಲೂ ಇದೇ ಕ್ರಮ. ಹುಡುಗನೊಬ್ಬನು ಐದು ಸೆಂಟಿನ ನಾಣ್ಯ ಕೊಟ್ಟು ಪೊಟ್ಟಣವನ್ನು ಬಿಚ್ಚಿ, ತಾನು ಕಣ್ಣಾರೆ ಎಂದೂ ಕಾಣದ ಮೈದಾನದ ವೀರನನ್ನು ಕೈಯಲ್ಲಿ ಹಿಡಿಯುವಂತಾಯಿತು.

ಆ ಮಾಲೆಯ 311ರಿಂದ 407ರವರೆಗಿನ ಕಾರ್ಡುಗಳು ಅಂಗಡಿಗೆ ಬಂದದ್ದು ಋತು ಮುಗಿಯುತ್ತ ಬಂದಾಗ. ಹುಡುಗರ ಮನಸ್ಸು ಬೇರೆ ಆಟಗಳತ್ತ ತಿರುಗಿತ್ತು, ಅಂಗಡಿಕಾರರು ಬೇಡವೆಂದರು, ಪೆಟ್ಟಿಗೆಗಳು ಉಗ್ರಾಣದಲ್ಲಿ ಉಳಿದವು. 1960ರಲ್ಲಿ ಸ್ಥಳಾಭಾವದಿಂದ ಬೇಸತ್ತ ಬರ್ಗರ್, ಅವರೇ ಮುಂದೆ ಹೇಳಿಕೊಂಡಂತೆ, ನೂರಾರು ಪೆಟ್ಟಿಗೆಗಳನ್ನು ದೋಣಿಗೆ ಹೇರಿಸಿ ನ್ಯೂಜೆರ್ಸಿಯ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದ ಪಾಲು ಮಾಡಿದರು. 311ನೆಯ ಕಾರ್ಡಿನಲ್ಲಿದ್ದವರು ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್. ಅದೇ ಕಾರ್ಡಿನ ಕಲೆಯಿಲ್ಲದ ಒಂದು ಪ್ರತಿ 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಇಲ್ಲಿ ಗಮನಿಸಬೇಕಾದುದೊಂದುಂಟು: ಆ ಕೊನೆಯ ಗುಂಪಿನಲ್ಲಿ ಮ್ಯಾಂಟಲ್‌ರ ಚಿತ್ರವನ್ನು ಅಚ್ಚಿನ ಹಾಳೆಯ ಮೇಲೆ ಎರಡೆರಡು ಸಲ ಇರಿಸಿದ್ದರಾದ್ದರಿಂದ, ಅದು ತನ್ನ ನೆರೆಯ ಕಾರ್ಡುಗಳಿಗಿಂತ ಅಪರೂಪವಾದುದೇನೂ ಅಲ್ಲ. ಬೆಲೆಯನ್ನು ಕಟ್ಟಿದ್ದು ವಿರಳತೆಗಿಂತ ಹೆಚ್ಚಾಗಿ ಅವರ ಕೀರ್ತಿ, ಮತ್ತು ಬಾಲ್ಯದಲ್ಲಿ ಅವರ ಆಟ ನೋಡಿ ಬೆಳೆದವರ ಪ್ರೀತಿ.

ಹಳೆಯ ಕಾರ್ಡುಗಳ ಬೆಲೆ ಏರುತ್ತಿರುವ ಸುದ್ದಿ 1980ರ ದಶಕದಲ್ಲಿ ಹರಡಿದಂತೆ ಕಾರ್ಡುಗಳನ್ನು ಕೊಳ್ಳುವವರು ಹೂಡಿಕೆದಾರರಾದರು, ಮುದ್ರಕರು ಮಿತಿಮೀರಿ ಮುದ್ರಿಸಿದರು. 1989ರಲ್ಲಿ ಅಪ್ಪರ್ ಡೆಕ್ ಎಂಬ ಹೊಸ ಸಂಸ್ಥೆ ನುಣುಪಾದ ಬಿಳಿಯ ಕಾಗದ, ಮಿನುಗುವ ಹಾಲೊಗ್ರಾಮ್‌ಗಳೊಂದಿಗೆ ಕಣಕ್ಕಿಳಿಯಿತು. ಉಳಿದವರೂ ಅದೇ ಹಾದಿ ಹಿಡಿದು ಚಿನ್ನದ ರೇಕು, ಕ್ರೋಮಿಯಂ ಹೊಳಪು, ಆಕಾರ ಕೊಯ್ದ ಅಂಚುಗಳಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಹೆಣಗಿದರು. 1994ರಲ್ಲಿ ಆಟಗಾರರ ಮುಷ್ಕರದಿಂದ ಋತುವಿನ ಕೊನೆಯ ವರ್ಲ್ಡ್ ಸೀರೀಸ್ ಪಂದ್ಯಾವಳಿಯೇ ರದ್ದಾಗಿ, ಜನರ ಮನಸ್ಸು ಆಟದಿಂದಲೇ ಮುರಿಯಿತು. ಎಲ್ಲವೂ ಹೊಳೆಯುತ್ತಿರುವಲ್ಲಿ ಯಾವುದೂ ಕಣ್ಣಿಗೆ ಹಿಡಿಸದಾದಾಗ, ಮಂಕಾದ ಹಳೆಯ ಬಣ್ಣವೇ ಹೊಸತಾಗಿ ಕಂಡಿತು. ಪುನರುಜ್ಜೀವನದ ಮಾಲೆಗಳು ಹುಟ್ಟಿದ್ದು ಈ ದಣಿವಿನಿಂದ.

ಮರುಮುದ್ರಣವೇ ಬೇರೆ, ಪುನರುಜ್ಜೀವನವೇ ಬೇರೆ. 1991ರಲ್ಲಿ ಟಾಪ್ಸ್‌ನವರು 1953ರ ಕಾರ್ಡುಗಳನ್ನೇ ಮತ್ತೆ ಅಚ್ಚು ಹಾಕಿದ್ದರು. ಅದು ಹಳೆಯವರನ್ನು ಹಳೆಯವರಾಗಿಯೇ ತೋರಿಸುವ ಕೆಲಸ. ಹೆರಿಟೇಜ್ ಮಾಲೆ ಮಾಡುವುದು ಇಂದಿನ ತರುಣನನ್ನು ಒಂದು ವಂಶಾವಳಿಯೊಳಗೆ ಕೂರಿಸುವ ಕೆಲಸ. ಉದಾಹರಣೆಗೆ, 1968ರ ಕಾರ್ಡುಗಳಿಗೆ ಗೋಣಿತಟ್ಟಿನ ನೇಯ್ಗೆಯನ್ನು ಹೋಲುವ ಅಂಚಿತ್ತು. ಹೊಸಬರಾದ ಆಟಗಾರರನ್ನು ಒಂದೇ ಕಾರ್ಡಿನಲ್ಲಿ ಜೋಡಿಯಾಗಿ ಕೂರಿಸುವ ವಾಡಿಕೆಯಿತ್ತು. ಆ ವರ್ಷದ ಅಂತಹ ಒಂದು ಕಾರ್ಡಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಜೆರಿ ಕೂಸ್ಮನ್ ಹಾಗೂ ನೋಲನ್ ರಯನ್ ಎಂಬ ಇಬ್ಬರು ಯುವಕರು ಅಕ್ಕಪಕ್ಕದಲ್ಲಿದ್ದಾರೆ. ರಯನ್ ಮುಂದೆ ಆಟದ ಇತಿಹಾಸದಲ್ಲೇ ಅತ್ಯಂತ ಹೆಚ್ಚು ಹೊಡೆತಗಾರರನ್ನು ಸ್ಟ್ರೈಕ್‌ಔಟ್ ಮಾಡಿದ ಎಸೆತಗಾರರಾದರು. 2017ರಲ್ಲಿ 1968ರ ಸರದಿ ಬಂದಾಗ, ಅದೇ ಗೋಣಿತಟ್ಟಿನ ಅಂಚಿನೊಳಗೆ ಯಾಂಕೀಸ್ ತಂಡದ ಏರನ್ ಜಡ್ಜ್‌ರನ್ನು ಟೈಲರ್ ಆಸ್ಟಿನ್‌ರೊಡನೆ ಜೋಡಿ ಮಾಡಿ ಕೂರಿಸಿದರು. ಆ ಕಾರ್ಡನ್ನು ಕೈಯಲ್ಲಿ ಹಿಡಿದ ತಂದೆಗೆ ರಯನ್‌ರ ನೆನಪು, ಮಗನಿಗೆ ಜಡ್ಜ್‌ರ ಹುಚ್ಚು. ಇಬ್ಬರೂ ಒಂದೇ ಚೌಕಟ್ಟನ್ನು ನೋಡುತ್ತಾರೆ. ಈ ಒಂದು ಅನುಗ್ರಹಕ್ಕಾಗಿಯೇ ಮಾಲೆಯ ಉಳಿದ ದೋಷಗಳನ್ನು ನಾನು ಬಹುಮಟ್ಟಿಗೆ ಕ್ಷಮಿಸಬಲ್ಲೆ.

ಆದರೆ ಚೌಕಟ್ಟು ಹೇಳದೆ ಬಿಡುವ ಚರಿತ್ರೆಯೂ ಉಂಟು. 1969ರ ಕಾರ್ಡುಗಳಲ್ಲಿ ಆಟಗಾರನ ಹೆಸರು ಮೂಲೆಯ ಬಣ್ಣದ ವೃತ್ತವೊಂದರಲ್ಲಿರುತ್ತದೆ. ಆದರೆ ಅನೇಕ ಚಿತ್ರಗಳು ಹಿಂದಿನ ವರ್ಷಗಳಲ್ಲಿ ತೆಗೆದವು, ಕೆಲವರ ತಲೆಯ ಮೇಲೆ ಟೊಪ್ಪಿಗೆಯೂ ಇಲ್ಲ. ಅದು ಕಲಾವಿದನ ಅಭಿರುಚಿಯಲ್ಲ. ಅದುವರೆಗೆ ಆಟಗಾರನಿಗೆ ವರ್ಷಕ್ಕೆ 125 ಡಾಲರ್ ಕೊಟ್ಟು ಅವನ ಮುಖವನ್ನು ಮಾರುತ್ತಿದ್ದ ಕ್ರಮವನ್ನು ಪ್ರತಿಭಟಿಸಿ, ಮಾರ್ವಿನ್ ಮಿಲ್ಲರ್ ಅವರ ನೇತೃತ್ವದ ಆಟಗಾರರ ಸಂಘ, ಟಾಪ್ಸ್‌ನ ಛಾಯಾಗ್ರಾಹಕರಿಗೆ ಮುಖ ಕೊಡಕೂಡದೆಂದು ತನ್ನವರಿಗೆ ಹೇಳಿತ್ತು. ಕೊನೆಗೆ ಸಂಭಾವನೆ ಇಮ್ಮಡಿಯಾಗಿ, ಮಾರಾಟದಲ್ಲಿಯೂ ಆಟಗಾರರಿಗೆ ಪಾಲು ದೊರೆಯಿತು. 2018ರಲ್ಲಿ ಜಪಾನಿನಿಂದ ಆಗತಾನೆ ಬಂದಿದ್ದ ಶೋಹೆಯ್ ಒಹ್ತಾನಿಯವರನ್ನು ಅದೇ ವೃತ್ತದ ವಿನ್ಯಾಸದಲ್ಲಿ ನೋಡುವ ಹುಡುಗನಿಗೆ ಈ ಸಂಗತಿ ಯಾರು ತಿಳಿಸಬೇಕು? ಬೆನ್ನಿನ ಬದಿಯಲ್ಲಿ ನಾಲ್ಕು ಸಾಲಿಗೆ ಸ್ಥಳವಿದೆ; ಬರೆಯಬಹುದಾಗಿತ್ತು.

ಇದಕ್ಕಿಂತ ದೊಡ್ಡ ಆಕ್ಷೇಪ ನನಗಿರುವುದು ವಿರಳತೆಯ ವಿಷಯದಲ್ಲಿ. 1952ರ ಕೊನೆಯ ಕಾರ್ಡುಗಳು ವಿರಳವಾದದ್ದು ಋತು ಮುಗಿದದ್ದರಿಂದ, ಉಗ್ರಾಣ ತುಂಬಿದ್ದರಿಂದ, ಸಮುದ್ರ ಹತ್ತಿರವಿದ್ದದ್ದರಿಂದ. ಹೆರಿಟೇಜ್ ಮಾಲೆ ಈ ಆಕಸ್ಮಿಕವನ್ನೂ ಅನುಕರಿಸುತ್ತದೆ: ಈಚಿನ ಹಲವು ವರ್ಷಗಳಲ್ಲಿ 500 ಕಾರ್ಡುಗಳ ಮಾಲೆಯಲ್ಲಿ ಕೊನೆಯ ನೂರನ್ನು ಬೇಕೆಂದೇ ಕಡಮೆ ಮುದ್ರಿಸುತ್ತಾರೆ, ಸಂಗ್ರಾಹಕರು ಅವನ್ನು ಶಾರ್ಟ್ ಪ್ರಿಂಟ್ ಎನ್ನುತ್ತಾರೆ. ಇದರ ಮೇಲೆ ಕ್ರಮಸಂಖ್ಯೆ ಒತ್ತಿದ ಕ್ರೋಮ್ ಪ್ರತಿಗಳು, ಕೆಂಪು ಮಸಿಯಲ್ಲಿ ಸಹಿ ಮಾಡಿದ ಪ್ರತಿಗಳು, ಕಣ್ಣಿಟ್ಟು ನೋಡದ ಹೊರತು ತಿಳಿಯದ ಬಣ್ಣದ ವ್ಯತ್ಯಾಸಗಳು. ಕಾಲವು ತಾನಾಗಿ ಮಾಡಿದ ಕೆಲಸವನ್ನು ಕಾರ್ಖಾನೆಯು ಮುಂಗಡವಾಗಿಯೇ ಮಾಡಿ ಮುಗಿಸಿದರೆ, ಕಾಲಕ್ಕೆ ಮಾಡಲು ಉಳಿಯುವುದೇನು? ಮಾಲೆಯನ್ನು ಪೂರ್ಣಮಾಡಬೇಕೆಂಬ ಬಾಲಕನ ನಿರ್ಮಲವಾದ ಹಂಬಲವನ್ನು ಇದು ಜೂಜಿಗೆ ಹತ್ತಿರ ಒಯ್ಯುತ್ತದೆಂದು ಹೇಳದೆ ಇರಲಾರೆ.

ಹತ್ತೊಂಬತ್ತನೆಯ ಶತಮಾನದ ಮಾಲೆಗಳೂ ಹೀಗೆಯೇ ಮರುಹುಟ್ಟು ಪಡೆದಿವೆ. 2006ರಿಂದ ಟಾಪ್ಸ್‌ನವರು ಆಲನ್ ಅಂಡ್ ಗಿಂಟರ್ ಹೆಸರಿನಲ್ಲೇ ಒಂದು ಮಾಲೆಯನ್ನು ಹೊರತರುತ್ತಿದ್ದಾರೆ. ಬೇಸ್‌ಬಾಲ್ ಆಟಗಾರರ ನಡುವೆ ಅನ್ಯಕ್ರೀಡೆಗಳವರೂ ಇತಿಹಾಸಪುರುಷರೂ ಕಾಣಿಸಿಕೊಳ್ಳುವ, ಸಿಗರೇಟು ಪೊಟ್ಟಣದ ಅಳತೆಯ ಪುಟ್ಟ ಕಾರ್ಡುಗಳೂ ಜೊತೆಗೆ ದೊರೆಯುವ ಈ ಮಾಲೆ ಮೂಲದ ಉದಾರದೃಷ್ಟಿಯನ್ನು ಉಳಿಸಿಕೊಂಡಿದೆ. ಅದರಲ್ಲೊಂದು ವಿಚಿತ್ರವುಂಟು: ಒಂದು ದಪ್ಪ ಕಾರ್ಡಿನ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಕಾರ್ಡನ್ನು ಅಡಗಿಸಿಟ್ಟಿರುತ್ತಾರೆ, ಒಳಗಿನದು ಬೇಕಾದರೆ ಹೊರಗಿನದನ್ನು ಹರಿಯಲೇಬೇಕು. ಹರಿಯದೆ ಇಟ್ಟುಕೊಂಡು ಕುತೂಹಲವನ್ನು ಹೊತ್ತು ತಿರುಗುವವರೂ ಇದ್ದಾರೆ.

ಆದರೆ ನನ್ನ ಹೆಚ್ಚಿನ ಮೆಚ್ಚಿಕೆ ಸಲ್ಲುವುದು ಅದೇ ಸಂಸ್ಥೆಯಿಂದ 2018ರಲ್ಲಿ ಆರಂಭವಾದ ‘ಲಿವಿಂಗ್ ಸೆಟ್’ ಎಂಬ ಮಾಲೆಗೆ. 1953ರ ಕಾರ್ಡುಗಳಲ್ಲಿ ಚಿತ್ರಕಾರರು ಬಣ್ಣದಲ್ಲಿ ಬರೆದ ಭಾವಚಿತ್ರಗಳಿದ್ದವು. ಆ ವಿನ್ಯಾಸವನ್ನೇ ಹಿಡಿದು, ಮಯೂಮಿ ಸೇತೊ ಎಂಬ ಕಲಾವಿದೆ ಬರೆದ ಚಿತ್ರಗಳೊಡನೆ, ವಾರವಾರಕ್ಕೆ ಕೆಲವೇ ಹೊಸ ಕಾರ್ಡುಗಳನ್ನು ಮಾರಾಟಕ್ಕಿಟ್ಟರು. ಒಂದು ವಾರದಲ್ಲಿ ಎಷ್ಟು ಜನ ಬೇಡಿದರೋ ಅಷ್ಟೇ ಪ್ರತಿ. ಮಾಲೆಗೆ ಕೊನೆಯ ಸಂಖ್ಯೆಯಿಲ್ಲ. ಇಲ್ಲಿ ವಿರಳತೆಯನ್ನು ನಿರ್ಣಯಿಸುವುದು ಜನರ ಆದರವೇ. ಹಳೆಯದನ್ನು ಇಂದಿಗೆ ತರುವುದಾದರೆ ಹೀಗೆ ತರಬೇಕು.

ಈ ಕಾರ್ಡುಗಳಿಗೆಲ್ಲ ಟಿ-206ರಂತಹ ಸಂಕೇತಗಳನ್ನು ಕೊಟ್ಟು ಮೊದಲ ಸೂಚಿಯನ್ನು ರಚಿಸಿದವರು ಸಿರಕ್ಯೂಸ್ ನಗರದ ಜೆಫರ್ಸನ್ ಬರ್ಡಿಕ್. ವಿದ್ಯುದುಪಕರಣಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಸಂಧಿವಾತದಿಂದ ಕೈಕಾಲು ಹಿಡಿದುಕೊಂಡಿದ್ದ ಅವರು ಮೂರು ಲಕ್ಷಕ್ಕೂ ಮಿಕ್ಕ ಚೀಟಿ-ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟು, ಅಲ್ಲಿಯೇ ಕುಳಿತು ಅವನ್ನು ಪುಸ್ತಕಗಳಿಗೆ ಅಂಟಿಸುವ ಕೆಲಸವನ್ನು 1963ರ ಆರಂಭದಲ್ಲಿ ಮುಗಿಸಿದರು. ಅದೇ ವರ್ಷ ಮಾರ್ಚ್ ತಿಂಗಳಿನಲ್ಲಿ ತೀರಿಕೊಂಡರು. ಆ ಸಂಗ್ರಹದ ಬೇಸ್‌ಬಾಲ್ ಕಾರ್ಡುಗಳನ್ನು ಮ್ಯೂಸಿಯಂನವರು ಸರದಿಯ ಮೇಲೆ ಪ್ರದರ್ಶನಕ್ಕಿಡುತ್ತಾರೆ. ನ್ಯೂಯಾರ್ಕಿಗೆ ಹೋಗುವ, ಅಲ್ಲಿಯೇ ನೆಲೆಸಿದ ಕನ್ನಡಿಗರು ಅವನ್ನು ತಪ್ಪದೆ ನೋಡಬೇಕು. ಇನ್ನು ಇಲ್ಲಿರುವ ಓದುಗರಲ್ಲಿ ಯಾರ ಮನೆಯ ಹಳೆಯ ಪೆಟ್ಟಿಗೆಯಲ್ಲಾದರೂ ಆ ಬಬಲ್‌ಗಮ್ಮಿನ ಕ್ರಿಕೆಟ್ ಚೀಟಿಗಳಾಗಲಿ, ಬೆಂಕಿಪೊಟ್ಟಣದ ಚಿತ್ರಗಳಾಗಲಿ ಉಳಿದಿದ್ದರೆ ಅವನ್ನು ಎಸೆಯದಿರಿ. ಅಂಟು ಹಚ್ಚದೆ, ಕೊಂಡ ಊರನ್ನೂ ವರ್ಷವನ್ನೂ ಒಂದು ಬೇರೆ ಚೀಟಿಯಲ್ಲಿ ಬರೆದು, ತೇವವಿಲ್ಲದ ಲಕೋಟೆಯಲ್ಲಿ ಕಾಪಿಟ್ಟುಕೊಳ್ಳಿರಿ.