ಮೂರು ನಿಮಿಷಕ್ಕಾಗಿ ಹುಟ್ಟಿದ ವಾಹನ

ವಿಮಾನ ನಿಲ್ದಾಣದ ಸಿಬ್ಬಂದಿಯ ಮಾತಿನಲ್ಲಿ ‘ಸಿಎಫ್‌ಟಿ’ ಎನಿಸಿಕೊಂಡಿರುವ ಕ್ರ್ಯಾಶ್ ಫೈರ್ ಟೆಂಡರನ್ನು ಊರಿನ ಅಗ್ನಿಶಾಮಕ ವಾಹನದ ದೊಡ್ಡ ರೂಪವೆಂದು ಭಾವಿಸುವುದು ಸರಿಯಲ್ಲ. ಊರಿನ ವಾಹನವು ಉರಿಯುವ ಕಟ್ಟಡದ ಮುಂದೆ ನಿಂತು, ಪೈಪು ಬಿಚ್ಚಿ, ಕೆಲಸ ಆರಂಭಿಸಬಹುದು. ಸಿಎಫ್‌ಟಿ ಮಾತ್ರ ಬೇಕಾದ ನೀರು, ನೊರೆದ್ರಾವಣ, ಒಣಪುಡಿಗಳನ್ನೆಲ್ಲ ತಾನೇ ಹೊತ್ತು ಧಾವಿಸಿ, ಚಕ್ರ ಉರುಳುತ್ತಿರುವಾಗಲೇ ಚಾವಣಿಯ ಮೇಲಿನ ‘ಮಾನಿಟರ್’ ಎಂಬ ತಿರುಗುವ ನಳಿಕೆಯಿಂದ ನೊರೆ ಚಿಮ್ಮಿಸಬೇಕು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ನೆಲಕ್ಕೆ ಚೆಲ್ಲಿ ಹೊತ್ತಿಕೊಂಡ ಇಂಧನದ ಜ್ವಾಲೆಯ ತಾಪ ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ವಿಮಾನದ ಹೊರಕವಚ ಒಳಗಿನವರನ್ನು ಕಾಯುವುದು ಒಂದೆರಡು ನಿಮಿಷ ಮಾತ್ರ.

ಈ ವಾಹನದ ಮೂಲ ಸೇನೆಯಲ್ಲಿದೆ. ಬಿದ್ದ ವಿಮಾನ ರಸ್ತೆಯ ಮೇಲೇ ಇರುವುದಿಲ್ಲವಾದ್ದರಿಂದ, ಕೆಸರು, ಹುಲ್ಲುಗಾವಲುಗಳಲ್ಲೂ ಸಾಗಬಲ್ಲ, ಎಲ್ಲ ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ ಸೈನಿಕ ಲಾರಿಗಳೇ ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇದಕ್ಕೆ ಆಧಾರವಾದವು. ಬ್ರಿಟನ್ನಿನ ಥಾರ್ನಿಕ್ರಾಫ್ಟ್ ನೂಬಿಯನ್ ಅಂಥದ್ದೊಂದು. 1956ರ ಹೊತ್ತಿಗೆ ಬಂದ ಆರು ಚಕ್ರಗಳ ಆಲ್ವಿಸ್ ಸಾಲಮ್ಯಾಂಡರ್ ಸಲಾಡಿನ್ ಎಂಬ ಯುದ್ಧವಾಹನದ ಕುಟುಂಬಕ್ಕೇ ಸೇರಿದ್ದು.

ವಾಹನಕ್ಕಿಂತ ಹೆಚ್ಚು ಬದಲಾದದ್ದು ಅದು ಹೊರುವ ನೊರೆ. ನೀರು ಇಂಧನಕ್ಕಿಂತ ಭಾರವಾದ್ದರಿಂದ ಅಡಿಗೆ ಇಳಿದುಬಿಡುತ್ತದೆ, ಬೆಂಕಿ ಮೇಲೆ ತೇಲುತ್ತಲೇ ಇರುತ್ತದೆ. ಇಂಧನದ ಆವಿಗೆ ಗಾಳಿ ಸಿಗದಂತೆ ಮುಚ್ಚುವುದಕ್ಕೆ ನೊರೆಯೇ ಬೇಕು. ಮೊದಲ ತಲೆಮಾರಿನ ಪ್ರೋಟೀನ್ ನೊರೆಯನ್ನು ದನಗಳ ಗೊರಸು, ಕೊಂಬುಗಳನ್ನು ರಾಸಾಯನಿಕವಾಗಿ ಕರಗಿಸಿ ತಯಾರಿಸಲಾಗುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾಲಯ ರೂಪಿಸಿದ ‘ಎಎಫ್ಎಫ್ಎಫ್’ ಎಂಬ ನೊರೆಯಾದರೋ, ಕಾಯಿಸಿದ ಹಾಲಿನ ಮೇಲೆ ಕೆನೆಗಟ್ಟುವಂತೆ, ಇಂಧನದ ಮೇಲೆ ತೆಳುವಾದ ನೀರಿನ ಪೊರೆಯನ್ನೇ ಹರಡಿತು. ಆ ಗುಣ ಕೊಟ್ಟ ಫ್ಲೋರಿನ್ ಸಂಯುಕ್ತಗಳು ಮಣ್ಣಿನಲ್ಲೂ ಅಂತರ್ಜಲದಲ್ಲೂ ನಾಶವಾಗದೆ ಉಳಿಯುತ್ತವೆಂಬುದು ತಡವಾಗಿ ಅರ್ಥವಾಗಿ, 2023ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಫ್ಲೋರಿನ್‌ರಹಿತ ನೊರೆಗೆ ಮಾನದಂಡ ಪ್ರಕಟಿಸಿತು. ಹೊಸ ನೊರೆ ಪೊರೆ ಕಟ್ಟುವುದಿಲ್ಲವಾದ್ದರಿಂದ ಅದನ್ನು ಸಿಂಪಡಿಸುವವರ ಕೈ ಇನ್ನಷ್ಟು ಪಳಗಿರಬೇಕಾಗುತ್ತದೆ.

ಎಷ್ಟು ನೀರು ಬೇಕೆಂಬುದಕ್ಕೆ ಲೆಕ್ಕಾಚಾರ ಬಂದದ್ದು 1970ರ ದಶಕದಲ್ಲಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ತಜ್ಞರು ಇಡೀ ಬೆಂಕಿಯನ್ನು ಆರಿಸುವ ಹಟ ಬಿಟ್ಟು, ಪ್ರಯಾಣಿಕರು ಇಳಿದು ಹೋಗಲು ವಿಮಾನದ ಸುತ್ತ ಎಷ್ಟು ಜಾಗ ತಣ್ಣಗಿದ್ದರೆ ಸಾಕೆಂದು ಅಳೆದರು. ‘ನಿರ್ಣಾಯಕ ಪ್ರದೇಶ’ವೆಂಬ ಈ ಪರಿಕಲ್ಪನೆಯೇ ಇಡೀ ವ್ಯವಸ್ಥೆಯ ಬೆನ್ನೆಲುಬು, ವಿಮಾನದ ಉದ್ದ, ಅಗಲಗಳನ್ನು ಅನುಸರಿಸಿ ನಿಲ್ದಾಣಗಳನ್ನು ಹತ್ತು ದರ್ಜೆಗಳಾಗಿ ವಿಂಗಡಿಸಿದ್ದೂ ಇದರಿಂದಲೇ. ಉದ್ದದಲ್ಲಿ ಬೋಯಿಂಗ್ 777-300ಇಆರ್‌ಗಿಂತ ತುಸು ಗಿಡ್ಡವಾದ ಏರ್‌ಬಸ್ ಎ380 ಹತ್ತನೆಯ ದರ್ಜೆಗೆ ಸೇರುವುದು ಅದರ ಒಡಲಿನ ಅಗಲ 7 ಮೀಟರ್ ದಾಟುವುದರಿಂದ. ಆ ದರ್ಜೆಗೆ ಕನಿಷ್ಠ ಮೂರು ವಾಹನಗಳು ಬೇಕು. 2022ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ನಿಯತವಾಗಿ ಬರತೊಡಗಿದ್ದು ಈ ವಿಮಾನವೇ.

ಐಸಿಎಒ ನಿಯಮದಂತೆ ಮೊದಲ ವಾಹನಗಳು ರನ್‌ವೇಯ ಯಾವುದೇ ಬಿಂದುವನ್ನು ಮೂರು ನಿಮಿಷದೊಳಗೆ ತಲುಪಿ ನೊರೆ ಹಾಯಿಸಬೇಕು. ಎರಡು ನಿಮಿಷವಾದರೆ ಇನ್ನೂ ಒಳಿತು. ಇದಕ್ಕಾಗಿ, 4,500 ಲೀಟರಿಗಿಂತ ಹೆಚ್ಚು ನೀರು ಹೊರುವ ವಾಹನವೂ 40 ಸೆಕೆಂಡಿನಲ್ಲಿ ಗಂಟೆಗೆ 80 ಕಿ.ಮೀ. ವೇಗ ಮುಟ್ಟಬೇಕೆಂದು ಐಸಿಎಒ ಕೈಪಿಡಿ ಹೇಳುತ್ತದೆ. ಅಪಾಯ ಹುಟ್ಟುವುದೂ ಇಲ್ಲಿಯೇ. ತಿರುವಿನಲ್ಲಿ ಟ್ಯಾಂಕಿನ ನೀರು ಒಂದು ಬದಿಗೆ ತೂರಾಡಿದರೆ ಎತ್ತರದ ವಾಹನ ಮಗುಚುವ ಸಂಭವ ಹೆಚ್ಚು. ಆದ್ದರಿಂದಲೇ ಟ್ಯಾಂಕಿನೊಳಗೆ ಅಡ್ಡ ತಡೆಗೋಡೆಗಳಿರುತ್ತವೆ, 28 ಡಿಗ್ರಿ ಓರೆಯಾದರೂ ಉರುಳಬಾರದೆಂಬ ನಿಯಮವಿದೆ. ಚಾಲಕನ ತರಬೇತಿಗೆ ಮಾತ್ರ ಯಾವ ತಡೆಗೋಡೆಯೂ ಬದಲಿಯಲ್ಲ.

2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷ್ಯಾನಾ ವಿಮಾನ ಅಪ್ಪಳಿಸಿದಾಗ, ನೆಲಕ್ಕೆ ಬಿದ್ದು ನೊರೆಯಿಂದ ಮುಚ್ಚಿಹೋಗಿದ್ದ ಪ್ರಯಾಣಿಕಳೊಬ್ಬಳ ಮೇಲೆ ರಕ್ಷಣೆಗೆ ಬಂದ ವಾಹನಗಳೇ ಹರಿದವು. 2022ರ ನವೆಂಬರ್ 18ರಂದು ಲಿಮಾದಲ್ಲಿ, ಇದೇ ಮೂರು ನಿಮಿಷದ ಸಾಮರ್ಥ್ಯ ಪರೀಕ್ಷಿಸುವ ಕವಾಯತಿನಲ್ಲಿದ್ದ ಅಗ್ನಿಶಾಮಕ ವಾಹನ ರನ್‌ವೇಗೆ ನುಗ್ಗಿ, ಮೇಲೇರಲು ಓಡುತ್ತಿದ್ದ ಎ320 ವಿಮಾನ ಅದಕ್ಕೆ ಬಡಿಯಿತು. ವಿಮಾನದಲ್ಲಿದ್ದವರೆಲ್ಲ ಬದುಕಿದರು, ಸತ್ತವರು ಅಗ್ನಿಶಾಮಕ ಸಿಬ್ಬಂದಿ. ನಿಯಂತ್ರಣ ಗೋಪುರದ ಅನುಮತಿಯಿಲ್ಲದೆ ರನ್‌ವೇಗೆ ಗಾಲಿ ಇಡಬಾರದೆಂಬ ಸರಳ ನಿಯಮ ಯಾವ ಯಂತ್ರಕ್ಕಿಂತಲೂ ಮುಖ್ಯವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈ ಗಡಿಯಾರದ ಲೆಕ್ಕ ನಿಲ್ದಾಣದ ಗೋಡೆಯಾಚೆಗೆ ನಡೆಯದು. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಸಮೀಪದ ಗಾಲ್ಫ್ ಮೈದಾನಕ್ಕೆ ಬಡಿದ ಇಂಡಿಯನ್ ಏರ್‌ಲೈನ್ಸ್ ವಿಮಾನ ನಿಂತದ್ದು ಗೋಡೆಯ ಹೊರಗೆ. 146 ಜನರಲ್ಲಿ 92 ಮಂದಿ ಸತ್ತರು. 2010ರ ಮೇ 22ರಂದು ಮಂಗಳೂರಿನಲ್ಲಿ ಟೇಬಲ್‌ಟಾಪ್ ರನ್‌ವೇ ದಾಟಿ ಕಮರಿಗೆ ಬಿದ್ದ ವಿಮಾನದಲ್ಲಿ 158 ಮಂದಿ ಸತ್ತು, ಎಂಟು ಮಂದಿ ಉಳಿದರು. ರನ್‌ವೇ ತುದಿಯಿಂದ 1,000 ಮೀಟರ್‌ವರೆಗಿನ ಪ್ರದೇಶಕ್ಕೆ ತುರ್ತು ರಸ್ತೆಗಳಿರಬೇಕೆಂದು ಐಸಿಎಒ ಹೇಳುತ್ತದೆ. ಆದರೆ ಮೂರು ನಿಮಿಷದ ಗಡುವು ಕಡ್ಡಾಯ ಮಾನದಂಡವಾಗಿದ್ದರೆ, ಈ ರಸ್ತೆಗಳ ಮಾತು ಕೇವಲ ಶಿಫಾರಸು.